ಎಲ್ಮರ್ ಫಡ್ಡನ ಕೋವಿಯಲ್ಲಿ ಚರೆ ಇತ್ತೇ?

ಕಾರ್ಟೂನ್ ಚಿತ್ರಗಳ ಬೇಟೆಗಾರರು ಹಿಡಿದಿರುವ ಕೋವಿ ಯಾವ ಜಾತಿಯದು, ಅದರೊಳಗೆ ತುಂಬಿರುವ ಮದ್ದು ಎಂತಹದು, ಮೂಗಿಗೆ ತಾಗುವಷ್ಟು ಹತ್ತಿರದಿಂದ ಈಡು ಹೊಡೆದರೂ ಯಾವ ಪ್ರಾಣಿಯೂ ಏಕೆ ಸಾಯುವುದಿಲ್ಲ ಎಂಬ ಪ್ರಶ್ನೆಗಳು ವಿದ್ವದ್ಗೋಷ್ಠಿಗಳಲ್ಲಿ ಚರ್ಚೆಗೆ ಬರುವಂತಹವಲ್ಲ. ಆದರೆ ಮೂವತ್ತು ವರ್ಷ ಗಣಿತ, ವಿಜ್ಞಾನ ಬೋಧಿಸಿದವನೊಬ್ಬನನ್ನು ಮೊಮ್ಮಕ್ಕಳ ಜೊತೆಗೆ ಟಿ.ವಿ.ಯ ಮುಂದೆ ಕೂರಿಸಿದರೆ ಅವನಿಗೆ ಬೇರೆ ಯಾವ ಪ್ರಶ್ನೆ ತಾನೇ ಹೊಳೆದೀತು? ಮಕ್ಕಳು ನಗುತ್ತಾರೆ, ನಾನು ತೋಟೆ ಎಣಿಸುತ್ತೇನೆ.

ನಿಜವಾದ ಬೇಟೆಗಾರರ ವಿಷಯದಲ್ಲಿ ಈ ತೊಡಕು ಇಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದುದು .405 ವಿಂಚೆಸ್ಟರ್ ರೈಫಲ್ ಎಂಬುದನ್ನು ತೇಜಸ್ವಿಯವರ ಅನುವಾದಗಳನ್ನು ಓದಿದ ನಿಮ್ಮಲ್ಲಿ ಅನೇಕರು ಬಲ್ಲಿರಿ. ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ನರಭಕ್ಷಕಿಯನ್ನು 1907ರಲ್ಲಿ ಕೊಂದುದಕ್ಕೆ ಬಹುಮಾನವಾಗಿ ಬಂದದ್ದು .275 ರಿಗ್ಬಿ. ಇವರ ಕೋವಿಗಳಿಗೆ ಹೆಸರುಂಟು, ಅಂಕಿಯುಂಟು, ಚರಿತ್ರೆಯುಂಟು. ಎಲ್ಮರ್ ಫಡ್ಡನ ಕೋವಿಗೆ ಇವು ಯಾವುವೂ ಇಲ್ಲ.

ಎಲ್ಮರನನ್ನು ಅರಿಯದವರಿಗಾಗಿ ಎರಡು ಮಾತು. ವಾರ್ನರ್ ಬ್ರದರ್ಸ್ ಸಂಸ್ಥೆಯ ಲೂನಿ ಟ್ಯೂನ್ಸ್ ಬಳಗದ ಬೋಳುತಲೆಯ ಬೇಟೆಗಾರ ಅವನು. 1940ರ ಜುಲೈನಲ್ಲಿ ತೆರೆ ಕಂಡ, ಟೆಕ್ಸ್ ಏವರಿ ನಿರ್ದೇಶಿಸಿದ ‘ಎ ವೈಲ್ಡ್ ಹೇರ್’ ಚಿತ್ರದಲ್ಲಿ ಮೊಲದ ಬಿಲದ ಮುಂದೆ ಕೋವಿ ಹಿಡಿದು ಬಂದು ನಿಂತ. ಬಗ್ಸ್ ಬನ್ನಿ ಎಂಬ ಮೊಲ ಆ ಬಿಲದಿಂದ ಹೊರಬಂದು ಕ್ಯಾರೆಟ್ ಕಡಿಯುತ್ತ ಕುಶಲ ವಿಚಾರಿಸಿತು. ಅಂದಿನಿಂದ ಇವನು ಆ ಮೊಲವನ್ನು ಹೊಡೆಯಲು ಯತ್ನಿಸುತ್ತಲೇ ಇದ್ದಾನೆ. ರಕಾರ, ಲಕಾರಗಳು ಅವನ ಬಾಯಲ್ಲಿ ವಕಾರವಾಗುತ್ತವೆ. ಇಂತಹ ಉಚ್ಚಾರಣೆಯ ಒಬ್ಬಿಬ್ಬರು ಪ್ರತಿ ತರಗತಿಯಲ್ಲಿಯೂ ಇದ್ದರು. ಅವರೆಲ್ಲ ಈಗ ಒಳ್ಳೆಯ ಹುದ್ದೆಗಳಲ್ಲಿದ್ದಾರೆ.

ಅನೇಕ ಚಿತ್ರಗಳಲ್ಲಿ ಅವನ ಕೈಯಲ್ಲಿರುವುದು ಜೋಡು ನಳಿಗೆಯ ಕೋವಿ. ನಮ್ಮ ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ ತೋಟೆ ಕೋವಿ, ಕೇಪಿನ ಕೋವಿಯಲ್ಲ. ನಳಿಗೆಯ ಅಗಲವನ್ನು ನೋಡಿದರೆ 12 ಬೋರಿನದೆಂದು ಊಹಿಸಲು ಅಡ್ಡಿಯಿಲ್ಲ. ಇಲ್ಲಿ ಒಂದು ಚಿಕ್ಕ ಲೆಕ್ಕ. 12 ಬೋರ್ ಎಂದರೆ ಹನ್ನೆರಡು ಮಿಲಿಮೀಟರೂ ಅಲ್ಲ, ಹನ್ನೆರಡು ಗುಂಡೂ ಅಲ್ಲ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗೋಲಿಗಳನ್ನಾಗಿ ಎರಕ ಹೊಯ್ದರೆ ಅಂತಹ ಒಂದು ಗೋಲಿ ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೆಯೋ ಅದು 12 ಬೋರು. ಪೌಂಡಿಗೆ 453.6 ಗ್ರಾಂ. ಹನ್ನೆರಡರಿಂದ ಭಾಗಿಸಿದರೆ ಗೋಲಿಯೊಂದಕ್ಕೆ 37.8 ಗ್ರಾಂ. ಸೀಸದ ಸಾಂದ್ರತೆ 11.34. ಗೋಳದ ಘನಫಲದ ಸೂತ್ರವನ್ನು ಹಚ್ಚಿದರೆ ವ್ಯಾಸ ಸುಮಾರು 18.5 ಮಿಲಿಮೀಟರ್ ಬರುತ್ತದೆ. ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ ಎಂಬ ವಿಚಿತ್ರದ ಗುಟ್ಟೂ ಇದೇ. ಘನಫಲದ ಪಾಠಕ್ಕೆ ಇಷ್ಟು ಸೊಗಸಾದ ಉದಾಹರಣೆ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ಕೋವಿಯ ಉದಾಹರಣೆಯನ್ನು ಪುಸ್ತಕದಲ್ಲಿ ಸೇರಿಸುವ ಧೈರ್ಯ ಯಾವ ಸಮಿತಿಗೆ ಬಂದೀತು, ಬಿಡಿ.

ಜೋಡು ನಳಿಗೆಯೆಂದ ಮೇಲೆ ಎರಡು ಈಡು. ಆಮೇಲೆ ಕೋವಿಯನ್ನು ಮುರಿದು, ಸುಟ್ಟ ತೋಟೆಗಳನ್ನು ತೆಗೆದು, ಹೊಸವನ್ನು ತುಂಬಬೇಕು. ಎಲ್ಮರನಿಗೆ ಈ ಕಷ್ಟ ಅಪರೂಪ. ಅದು ಜೋಡು ನಳಿಗೆಯದಲ್ಲ, 1897ರ ವಿಂಚೆಸ್ಟರಿನಂತಹ ಪಂಪ್ ಕೋವಿ ಎಂದು ಯಾರಾದರೂ ವಾದಿಸಬಹುದು. ಆಗಲಿ. ಅದರ ಉಗ್ರಾಣದಲ್ಲಿ ಐದು, ನಳಿಗೆಯಲ್ಲಿ ಒಂದು, ಒಟ್ಟು ಆರು. ಆದರೆ ಅಮೆರಿಕದಲ್ಲಿ 1935ರಿಂದ ಬಾತುಕೋಳಿಗಳಂತಹ ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಸುವ ಕೋವಿಯನ್ನು ಬಳಸುವಂತಿಲ್ಲ. ಅದರ ಹಿಂದಿನ ವರ್ಷದಿಂದ ಬಾತುಕೋಳಿ ಹೊಡೆಯುವವನು ಕೇಂದ್ರ ಸರ್ಕಾರದ ವಿಶೇಷ ಅಂಚೆಚೀಟಿಯಂತಹ ಒಂದು ಚೀಟಿಯನ್ನು ದುಡ್ಡು ಕೊಟ್ಟು ಕೊಳ್ಳಲೂಬೇಕು. ಡ್ಯಾಫಿ ಎಂಬ ಬಾತುಕೋಳಿಯ ಮುಖಕ್ಕೆ ಎಲ್ಮರನು ಮತ್ತೆ ಮತ್ತೆ ಹೊಡೆಯುವಾಗ ಈ ಚೀಟಿಯನ್ನು ತೋರಿಸೆಂದು ಯಾರೂ ಕೇಳುವುದಿಲ್ಲ. ನಮ್ಮ ಸೀಮೆಯಲ್ಲಾಗಿದ್ದರೆ ಮೊಲ ಹೊಡೆದ ಮರುಗಳಿಗೆಯಲ್ಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯವರು ಬಂದು ನಿಲ್ಲುತ್ತಿದ್ದರು. ಚುನಾವಣೆಯ ಕಾಲವಾಗಿದ್ದರಂತೂ ಅವನ ಕೋವಿ ಪೊಲೀಸ್ ಠಾಣೆಯ ಮೂಲೆಯಲ್ಲಿ ರಸೀತಿ ಕಟ್ಟಿಸಿಕೊಂಡು ಮಲಗಿರುತ್ತಿತ್ತು.

ಮುಖ್ಯ ಪ್ರಶ್ನೆಗೆ ಬರೋಣ. ಚಕ್ ಜೋನ್ಸ್ ನಿರ್ದೇಶಿಸಿ ಮೈಕೆಲ್ ಮಾಲ್ಟೀಸ್ ಕಥೆ ಬರೆದ ಮೂರು ಚಿತ್ರಗಳುಂಟು: 1951ರ ‘ರ‍್ಯಾಬಿಟ್ ಫೈರ್’, 1952ರ ‘ರ‍್ಯಾಬಿಟ್ ಸೀಸನಿಂಗ್’, 1953ರ ‘ಡಕ್! ರ‍್ಯಾಬಿಟ್, ಡಕ್!’. ಈಗ ಮೊಲದ ಬೇಟೆಯ ಋತುವೋ ಬಾತುಕೋಳಿಯ ಬೇಟೆಯ ಋತುವೋ ಎಂದು ಮೊಲ, ಬಾತುಕೋಳಿಗಳು ಬೇಟೆಗಾರನ ಎದುರಿನಲ್ಲಿಯೇ ವಾಗ್ವಾದಕ್ಕೆ ನಿಲ್ಲುವ ಕಥೆ. ವಾದದಲ್ಲಿ ಪ್ರತಿ ಬಾರಿ ಸೋಲುವುದು ಬಾತುಕೋಳಿ. ಕೋವಿ ಸಿಡಿಯುತ್ತದೆ, ಡ್ಯಾಫಿಯ ಕೊಕ್ಕು ತಲೆಯ ಹಿಂಬದಿಗೆ ತಿರುಗುತ್ತದೆ, ಇಲ್ಲವೆ ನೆತ್ತಿಗೇರುತ್ತದೆ, ಮುಖ ಮಸಿಯಾಗುತ್ತದೆ. ಅವನು ಕೊಕ್ಕನ್ನು ಸರಿಪಡಿಸಿಕೊಂಡು ಮತ್ತೆ ವಾದಕ್ಕೆ ಬರುತ್ತಾನೆ.

ಮೊಲದ ಬೇಟೆಗೆ ಬಳಸುವ 6ನೇ ನಂಬರಿನ ಚರೆ ಒಂದು ಔನ್ಸಿಗೆ ಸುಮಾರು 225 ಬರುತ್ತವೆ. ಒಂದೊಂದರ ವ್ಯಾಸ 2.8 ಮಿಲಿಮೀಟರಿನಷ್ಟು. ಹತ್ತಿರದಿಂದ ಹೊಡೆದರೆ ಇವು ಹರಡುವುದಕ್ಕೇ ಸಮಯವಿರುವುದಿಲ್ಲ, ಒಂದೇ ಮುದ್ದೆಯಾಗಿ ಬಡಿಯುತ್ತವೆ. ಡ್ಯಾಫಿಗೆ ಕೊಕ್ಕು ಉಳಿಯುವ ಮಾತಿರಲಿ, ಕೊಕ್ಕನ್ನು ಸರಿಪಡಿಸಿಕೊಳ್ಳಲು ತಲೆ ಉಳಿಯುವಂತಿಲ್ಲ. ಆದರೆ ಪರದೆಯ ಮೇಲೆ ಅವನ ಮುಖದಲ್ಲಿ ರಂಧ್ರವಿಲ್ಲ, ರಕ್ತವಿಲ್ಲ. ಇರುವುದು ಮಸಿ ಮತ್ತು ಗಾಳಿಯ ಹೊಡೆತದ ಗುರುತು ಮಾತ್ರ. ಇನ್ನೊಂದು ಸಾಕ್ಷ್ಯ: 28 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹೋದರೆ ನ್ಯೂಟನ್ನನ ಮೂರನೆಯ ನಿಯಮದಂತೆ 3 ಕಿಲೋಗ್ರಾಂ ತೂಕದ ಕೋವಿ ಸೆಕೆಂಡಿಗೆ 3.7 ಮೀಟರ್ ವೇಗದಲ್ಲಿ ಹಿಂದಕ್ಕೆ ಬಂದು ಹೆಗಲಿಗೆ ಗುದ್ದಬೇಕು. ಮದ್ದಿನ ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಷ್ಟು ಚಿಕ್ಕ ಆಳು ಎಲ್ಮರನು ನಿಂತ ಜಾಗದಿಂದ ಅಷ್ಟಾಗಿ ಕದಲುವುದಿಲ್ಲ.

ಇವೆರಡನ್ನೂ ಜೋಡಿಸಿದರೆ ಒಂದೇ ತೀರ್ಮಾನ ಸಾಧ್ಯ. ಅವನ ತೋಟೆಯಲ್ಲಿ ಮದ್ದುಂಟು, ಚರೆಯಿಲ್ಲ.

ಮದ್ದೂ ಹಳೆಯ ಕಾಲದ್ದೇ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಕರಿಮದ್ದು ಸುಟ್ಟರೆ ಮಾತ್ರ ಅಷ್ಟು ಹೊಗೆ, ಅಷ್ಟು ಮಸಿ. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿಯೇ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಾಗಿತ್ತು. 1951ರಲ್ಲಿ ಅಂಗಡಿಯಿಂದ ತಂದ ತೋಟೆ ಯಾರ ಮುಖವನ್ನೂ ಹೀಗೆ ಕರಿ ಮಾಡುವಂತಿರಲಿಲ್ಲ. ಎಂದರೆ ಎಲ್ಮರನು ಮನೆಯಲ್ಲಿ ಕುಳಿತು ಕೈಯಾರೆ ತೋಟೆ ಕಟ್ಟುತ್ತಿದ್ದ. ಕಟ್ಟುವಾಗ ಚರೆಯನ್ನು ಬಿಟ್ಟುಬಿಡುತ್ತಿದ್ದ. ಮರೆತು ಬಿಟ್ಟನೋ, ಬೇಕೆಂದೇ ಬಿಟ್ಟನೋ? ಇದಕ್ಕೆ ‘ರ‍್ಯಾಬಿಟ್ ಫೈರ್’ ಚಿತ್ರದಲ್ಲಿಯೇ ಉತ್ತರವಿದೆ. ಮೊಲದ ಅಡುಗೆ, ಬಾತುಕೋಳಿಯ ಅಡುಗೆಗಳ ಪುಸ್ತಕಗಳನ್ನು ಮುಂದಿಟ್ಟು ಪ್ರಾಣಿಗಳೆರಡೂ ಆಸೆ ಹುಟ್ಟಿಸಲು ನೋಡಿದಾಗ ಅವನು ತಾನು ಸಸ್ಯಾಹಾರಿ, ಬೇಟೆ ತನಗೆ ಬರಿಯ ಆಟ ಎಂದು ಒಪ್ಪಿಕೊಳ್ಳುತ್ತಾನೆ! ಸಸ್ಯಾಹಾರಿಯ ತೋಟೆಯೂ ಸಸ್ಯಾಹಾರಿ. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಅವನ ಬಿಡುವಿನ ಬಡಿವಾರವೆಲ್ಲ ಸದ್ದಿಗಾಗಿ. ದೀಪಾವಳಿಯ ಹುಡುಗನಿಗೂ ಅವನಿಗೂ ವ್ಯತ್ಯಾಸವಿಲ್ಲ.

ನಗೆಯ ನಡುವೆ ಒಂದು ಎಚ್ಚರಿಕೆ ಹೇಳಲೇಬೇಕು. ಚರೆಯಿಲ್ಲದ ತೋಟೆಯೂ ಹತ್ತಿರದಿಂದ ಹೊಡೆದರೆ ಕೊಲ್ಲುತ್ತದೆ. 1984ರಲ್ಲಿ ಜಾನ್-ಎರಿಕ್ ಹೆಕ್ಸಮ್ ಎಂಬ ಅಮೆರಿಕದ ತರುಣ ನಟನು ಚಿತ್ರೀಕರಣದ ಬಿಡುವಿನಲ್ಲಿ ಗುಂಡಿಲ್ಲದ ತೋಟೆಯಿದ್ದ ರಿವಾಲ್ವರನ್ನು ತಮಾಷೆಗಾಗಿ ಕಪಾಳದ ಮೇಲ್ಭಾಗಕ್ಕೆ ಒತ್ತಿ ಹಿಡಿದು ಹಾರಿಸಿಕೊಂಡ. ಆ ಸಿಡಿತದ ಹೊಡೆತಕ್ಕೇ ತಲೆಬುರುಡೆ ಒಡೆದು ಪ್ರಾಣ ಹೋಯಿತು. ಡ್ಯಾಫಿಗೆ ದೊರೆತ ವರ ಆ ಹುಡುಗನಿಗೆ ದೊರೆಯಲಿಲ್ಲ.

ಹಾಗೆಯೇ ನಳಿಗೆಯ ವಿಚಾರ. ‘ಎ ವೈಲ್ಡ್ ಹೇರ್’ನಲ್ಲಿ ಬಿಲದೊಳಗೆ ತೂರಿಸಿದ ಕೋವಿ ಹೊರಬರುವಾಗ ನಳಿಗೆಯು ಹೆಣ್ಣುಮಕ್ಕಳ ಜಡೆಯ ರಿಬ್ಬನ್ನಿನಂತೆ ಗಂಟು ಹಾಕಿಸಿಕೊಂಡಿರುತ್ತದೆ. ಉಕ್ಕಿನ ನಳಿಗೆಗೆ ಗಂಟು ಹಾಕುವ ಮೊಲಕ್ಕೆ ಬೇಟೆಗಾರನ ಭಯವೇಕೆ ಎಂದು ನನ್ನ ಮೊಮ್ಮಗಳು ಕೇಳಿದಳು. ಅದಕ್ಕೆ ಭಯವಿಲ್ಲ, ಅದೇ ಕಥೆ ಎಂದೆ. ನಳಿಗೆಯ ಬಾಯಿಗೆ ಬೆರಳಿಟ್ಟರೆ ಕೋವಿ ಹಿಂದಕ್ಕೆ ಸಿಡಿಯುತ್ತದೆ ಎಂಬುದು ಕಾರ್ಟೂನುಗಳ ಇನ್ನೊಂದು ನಂಬಿಕೆ. ಮಣ್ಣೋ ಮಂಜುಗಡ್ಡೆಯೋ ಗಟ್ಟಿಯಾಗಿ ಕಟ್ಟಿಕೊಂಡ ನಳಿಗೆ ಉಬ್ಬುವುದು, ಸೀಳುವುದು ನಿಜವೇ. ಆದರೆ ಬೆರಳಿಗೆ ಆ ಶಕ್ತಿಯಿಲ್ಲ. ಹೋಗುವುದು ಬೆರಳೇ.

ವ್ಯಾಕರಣದ ವಿಷಯ ಬಿಟ್ಟು ಮುಂದೆ ಹೋದರೆ ಕನ್ನಡ ಪಂಡಿತರಾಗಿದ್ದ ನನ್ನ ಸಹೋದ್ಯೋಗಿಗಳು ಕ್ಷಮಿಸಲಾರರು. ‘ರ‍್ಯಾಬಿಟ್ ಸೀಸನಿಂಗ್’ ಚಿತ್ರದಲ್ಲಿ ಡ್ಯಾಫಿ ಸಾಯುವುದು (ಅಂದರೆ ಮಸಿಯಾಗುವುದು) ಸರ್ವನಾಮದ ದೋಷದಿಂದ. ಮೊಲವು ‘ನೀನು’, ‘ಅವನು’, ‘ನಾನು’ಗಳನ್ನು ಎಷ್ಟು ಚಾತುರ್ಯದಿಂದ ಅದಲುಬದಲು ಮಾಡುತ್ತದೆಯೆಂದರೆ, ಮಾತಿನ ವೇಗದಲ್ಲಿ ಬಾತುಕೋಳಿಯು ತನ್ನನ್ನೇ ಹೊಡೆಯಬೇಕೆಂದು ಬೇಟೆಗಾರನಿಗೆ ಆಜ್ಞಾಪಿಸಿಬಿಡುತ್ತದೆ. ಆಮೇಲೆ ಕುಳಿತು ಸಂಭಾಷಣೆಯನ್ನು ಮತ್ತೊಮ್ಮೆ ಒಪ್ಪಿಸಿ, ತೊಂದರೆ ಸರ್ವನಾಮದಲ್ಲಿದೆ ಎಂದು ಪತ್ತೆ ಹಚ್ಚುತ್ತದೆ. ಪತ್ತೆ ಹಚ್ಚಿದ ಮೇಲೂ ಈಡು ತಪ್ಪುವುದಿಲ್ಲ. ಮೂರನೆಯ ಚಿತ್ರದಲ್ಲಿ ಪರವಾನಗಿ ಪತ್ರವನ್ನು ಬರೆಯುವಾಗ ಕಾಗುಣಿತ ಬಾರದೆ ಮೊಲವನ್ನೇ ಕೇಳಿ, ಅದು ಹೇಳಿಕೊಟ್ಟ ಅಕ್ಷರಗಳನ್ನೆಲ್ಲ ಬರೆದು, ಕೊನೆಗೆ ‘ಬಾತುಕೋಳಿ’ ಎಂಬ ಪದವನ್ನೂ ತನ್ನ ಕೈಯಿಂದಲೇ ಬರೆದುಕೊಡುತ್ತದೆ. ಉಕ್ತಲೇಖನದ ಮಹತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ.

ಯೊಸೆಮಿಟಿ ಸ್ಯಾಮ್ ಎಂಬ ಕೆಂಪು ಮೀಸೆಯವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಮರನು ಮೊಲಕ್ಕೆ ಸಮನಾದ ಎದುರಾಳಿಯಲ್ಲ, ತೀರಾ ಸಾಧು ಎಂದು ನಿರ್ದೇಶಕ ಫ್ರಿಜ್ ಫ್ರೆಲೆಂಗ್ ಅವನನ್ನು 1945ರಲ್ಲಿ ಸೃಷ್ಟಿಸಿದರು. ಎರಡು ಕೈಯಲ್ಲಿ ಎರಡು ರಿವಾಲ್ವರ್, ಹೆಚ್ಚೆಂದರೆ ಹನ್ನೆರಡು ಗುಂಡು. ಅವನು ಹಾರಿಸುವುದನ್ನು ಎಣಿಸಲು ನನಗೆ ತಾಳ್ಮೆಯಿಲ್ಲ. ಟಾಮ್ ಎಂಬ ಬೆಕ್ಕೂ 1952ರ ‘ದಿ ಡಕ್ ಡಾಕ್ಟರ್’ನಲ್ಲಿ ಬೇಟೆಗಾರನಾಗಿದ್ದಾನೆ. ಅಲ್ಲಿ ಮಾತ್ರ ಈಡು ತಗುಲಿದ ಬಾತುಮರಿ ನಿಜವಾಗಿ ಗಾಯಗೊಂಡು ಕೆಳಗೆ ಬೀಳುತ್ತದೆ, ಜೆರ‍್ರಿ ಇಲಿ ಶುಶ್ರೂಷೆ ಮಾಡುತ್ತದೆ. ಟಾಮನು ಸಸ್ಯಾಹಾರಿಯಲ್ಲ, ಗಮನಿಸಿ.

ಇಷ್ಟೆಲ್ಲ ಏಕೆ ಬರೆದೆನೆಂದರೆ, 2020ರಲ್ಲಿ ಎಚ್‌ಬಿಓ ಮ್ಯಾಕ್ಸ್‌ನಲ್ಲಿ ಪ್ರಸಾರವಾದ ಹೊಸ ‘ಲೂನಿ ಟ್ಯೂನ್ಸ್ ಕಾರ್ಟೂನ್ಸ್’ ಸರಣಿಯಲ್ಲಿ ಎಲ್ಮರನ ಕೋವಿಯನ್ನು ಕಸಿದುಕೊಂಡರು. ಎಂಬತ್ತು ವರ್ಷ ಕೋವಿ ಹೊತ್ತವನ ಕೈಗೆ ಉದ್ದ ಹಿಡಿಯ ದೊಡ್ಡ ಕುಡುಗೋಲನ್ನು ಕೊಟ್ಟರು. ಕೋವಿ ಬೇಡ, ಆದರೆ ಡೈನಮೈಟು ಮೊದಲಾದ ಕಾರ್ಟೂನಿನ ಹಿಂಸೆ ಇರಬಹುದು ಎಂಬುದು ತಯಾರಕರ ನಿಲುವು. ಆ ಸರಣಿಯ ‘ಡೈನಮೈಟ್ ಡಾನ್ಸ್’ನಲ್ಲಿ ಮೊಲವು ಸಂಗೀತದ ತಾಳಕ್ಕೆ ಸರಿಯಾಗಿ ಎಲ್ಮರನ ಮೈಯೆಲ್ಲ ಡೈನಮೈಟ್ ಹಚ್ಚುತ್ತದೆ. ಕುಡುಗೋಲು, ಡೈನಮೈಟುಗಳು ಕೋವಿಗಿಂತ ಸೌಮ್ಯವೆಂದು ತೀರ್ಮಾನಿಸಿದವರು ಹುಲ್ಲು ಕೊಯ್ದವರೂ ಅಲ್ಲ, ಬಾವಿ ತೋಡಿದವರೂ ಅಲ್ಲ ಎಂದು ನನಗೆ ಅನಿಸಿತು.

ಇದಕ್ಕಿಂತ ನನಗೆ ಬೇಸರ ತರಿಸುವುದು ಹಳೆಯ ಚಿತ್ರಗಳಿಗೆ ಅಮೆರಿಕದ ಕೆಲವು ಟಿ.ವಿ. ಜಾಲಗಳು ಹಿಂದೆ ಮಾಡಿದ ಕೆಲಸ. ಕೋವಿ ಸಿಡಿಯುವ ಕ್ಷಣವನ್ನು ಮಾತ್ರ ಕತ್ತರಿಸಿದರು. ಡ್ಯಾಫಿ ಮಾತನಾಡುತ್ತಿರುತ್ತಾನೆ, ಮರುಕ್ಷಣ ಕೊಕ್ಕು ತಲೆಯ ಹಿಂದಿರುತ್ತದೆ. ನಡುವೆ ಏನಾಯಿತೆಂಬುದಿಲ್ಲ. ಕಾರಣವನ್ನು ಅಳಿಸಿ ಪರಿಣಾಮವನ್ನು ಉಳಿಸಿದರೆ ಮಗು ಏನನ್ನು ಕಲಿಯಬೇಕು? ಕೋವಿಯ ಗುರಿ ಹಿಡಿದರೆ ಏನಾಗುತ್ತದೆ ಎಂಬುದನ್ನು ವಿಕಾರವಾಗಿಯಾದರೂ ಹೇಳುತ್ತಿದ್ದ ಚಿತ್ರ, ಏನೂ ಹೇಳದ ಚಿತ್ರವಾಯಿತು. ತುಂಡರಿಸಿ ತೋರಿಸುವುದಕ್ಕಿಂತ ತೋರಿಸದಿರುವುದು ಮೇಲು.

ಮಕ್ಕಳನ್ನು ನಿಜವಾಗಿ ಹೆದರಿಸುವ ಕೋವಿ ಬೇರೊಂದು ಉಂಟು. 1942ರ ‘ಬ್ಯಾಂಬಿ’ ಚಿತ್ರದಲ್ಲಿ ಬೇಟೆಗಾರನು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಕೋವಿಯೂ ಕಾಣುವುದಿಲ್ಲ. ಒಂದು ಸದ್ದು, ಆಮೇಲೆ ಹಿಮ, ತಾಯಿಯನ್ನು ಕೂಗುವ ಮರಿ. ಬೇಟೆಗಾರರ ಪತ್ರಿಕೆಯೊಂದರ ಸಂಪಾದಕರು ಆಗಲೇ ಡಿಸ್ನಿಯವರಿಗೆ ಪ್ರತಿಭಟನೆ ತಿಳಿಸಿದ್ದರು. ಎಲ್ಮರನ ವಿರುದ್ಧ ಅವರಾರೂ ಹಾಗೆ ಸಿಡಿದೇಳಲಿಲ್ಲ. ಕಾಣುವ ಕೋವಿಯನ್ನು ಕಂಡು ನಗಬಹುದು, ಅದನ್ನು ಹಿಡಿದವನು ಎಂತಹ ಪೆದ್ದನೆಂದು ತಿಳಿಯುತ್ತದೆ. ‘ರ‍್ಯಾಬಿಟ್ ಫೈರ್’ನ ಕೊನೆಗೆ ಮರದ ಮೇಲಿನ ಭಿತ್ತಿಪತ್ರಗಳನ್ನು ಒಂದೊಂದಾಗಿ ಹರಿದಾಗ ಅಡಿಯಲ್ಲಿ ಸಿಗುವುದು ‘ಇದು ಎಲ್ಮರನ ಬೇಟೆಯ ಋತು’ ಎಂಬ ಪತ್ರ. ಕೋವಿ ಹಿಡಿದವನ ಗತಿ ಇದು ಎಂದು ಹೇಳುವ ಚಿತ್ರವನ್ನು ಕೋವಿಯ ಪ್ರಚಾರವೆಂದು ಕರೆಯುವುದು ನನಗೆ ಸರಿಕಾಣದು.

ಇದನ್ನೆಲ್ಲ ಹೀಗೆಯೇ, ಇನ್ನೂ ಸ್ವಲ್ಪ ಜಂಬದಿಂದ, ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಬರೆದಿದ್ದೆ. ಅವಳ ಮಗ ಎರಡನೆಯ ತರಗತಿ. ಅವಳ ಉತ್ತರವನ್ನು ಅವಳ ಅನುಮತಿಯಿಂದ ತಿಳಿಸುತ್ತಿದ್ದೇನೆ. “ಸರ್, ನೀವು ಬರೆದದ್ದನ್ನು ಓದಿ ನಗು ಬಂತು. ಮಗನಿಗೂ ತೋರಿಸಿದೆ. ಅವನು ನಗಲಿಲ್ಲ. ಆ ಮೊಲ ಬಿಲದಿಂದ ಏಕೆ ಹೊರಗೆ ಬಂತು, ದೀಪ ಆರಿಸಿ ಸದ್ದು ಮಾಡದೆ ಒಳಗೇ ಕೂರಬೇಕು ತಾನೇ ಎಂದು ಕೇಳಿದ” ಎಂದು ಬರೆದಿದ್ದಳು.

ಅವನ ಶಾಲೆಯಲ್ಲಿ ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂಬ ಕವಾಯತು ನಡೆಯುತ್ತದೆ. ಶಿಕ್ಷಕಿ ಬಾಗಿಲಿಗೆ ಬೀಗ ಹಾಕಿ ದೀಪ ಆರಿಸುತ್ತಾರೆ, ಮಕ್ಕಳು ಮೂಲೆಯಲ್ಲಿ ಒತ್ತಾಗಿ ಕುಳಿತು ಉಸಿರು ಬಿಗಿಹಿಡಿಯುತ್ತಾರೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳು, ಆರು ಮಂದಿ ಸಿಬ್ಬಂದಿ; 2022ರಲ್ಲಿ ಟೆಕ್ಸಾಸಿನ ಯುವಾಲ್ಡೆಯಲ್ಲಿ ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕಿಯರು. ನಾವು ಶಾಲೆಯಲ್ಲಿ ಮಾಡಿಸಿದ ಕವಾಯತು ಗಣರಾಜ್ಯೋತ್ಸವದ ಪಥಸಂಚಲನಕ್ಕೆ. ಆ ಶಿಕ್ಷಕಿಯ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡು ನೋಡಲು ಪ್ರಯತ್ನಿಸಿದೆ, ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಆ ಮನೆಯಲ್ಲಿ ಎಲ್ಮರನ ಕೋವಿ ತಮಾಷೆಯಲ್ಲ. ಹೊಸ ಚಿತ್ರ ಮಾಡುವವರು ಆ ಮಗುವನ್ನು ನೆನೆದು ಕೋವಿ ಬೇಡವೆಂದಿದ್ದರೆ ಅವರೊಡನೆ ನನಗೆ ಜಗಳವಿಲ್ಲ. ಡೈನಮೈಟಿನ ಬಗ್ಗೆ ನನ್ನ ತಕರಾರು ತಕರಾರೇ, ಹಳೆಯ ಚಿತ್ರಗಳನ್ನು ಕತ್ತರಿಸಬಾರದೆಂಬುದೂ ಹಾಗೆಯೇ ಉಳಿದಿದೆ. “ಮಗೂ, ಇನ್ನು ಮೂರು ನಾಲ್ಕು ವರ್ಷ ತಡೆದು ತೋರಿಸು, ನೀನು ಪಕ್ಕದಲ್ಲಿ ಕುಳಿತು ತೋರಿಸು. ಅಲ್ಲಿಯವರೆಗೆ ‘ವಾಟ್ಸ್ ಓಪೆರಾ, ಡಾಕ್?’ ಸಾಕು” ಎಂದು ಅವಳಿಗೆ ಬರೆದೆ. 1957ರ ಆ ಚಿತ್ರದಲ್ಲಿ ಎಲ್ಮರನ ಕೈಯಲ್ಲಿರುವುದು ಭರ್ಜಿ, ತಲೆಯ ಮೇಲೆ ಮಾಂತ್ರಿಕ ಶಿರಸ್ತ್ರಾಣ. ಮಗು ನಾಟಕವೆಂದೇ ನೋಡುತ್ತದೆ.

ಊರಿನಲ್ಲಿರುವ ನಿಮಗೂ ಒಂದು ಮಾತು. ಅಡಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುವ ಸೀಮೆ ನಮ್ಮದು. ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿಯನ್ನು ಜಗಲಿಯ ಗೋಡೆಗೆ ತೂಗುಹಾಕಿರುವ ಮನೆಗಳಿಗೆ ನಾನು ಊಟಕ್ಕೆ ಬಂದಿದ್ದೇನೆ. ನಿಮ್ಮ ಮಕ್ಕಳು ಅದರ ಕೆಳಗೆ ಕುಳಿತು ಮೊಬೈಲಿನಲ್ಲಿ ಇನ್ನೊಂದು ಬಗೆಯ ಕೋವಿ ಹಿಡಿದು ಆಡುತ್ತಿರುತ್ತಾರೆ. ಅವುಗಳ ನಂಬರು, ಗುಂಡಿನ ಅಳತೆ, ದೂರ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಆ ಆಟದಲ್ಲಿ ಬೇಟೆಗಾರನು ಪೆದ್ದನಲ್ಲ, ಗೆಲ್ಲುವವನು. ಎಲ್ಮರನಿಗೆ ಹೆದರುವುದನ್ನು ಬಿಟ್ಟು ಗೋಡೆಯ ಮೇಲಿನದನ್ನು ಇಳಿಸಿ, ತೋಟೆ ಬೇರೆ, ಕೋವಿ ಬೇರೆ ಬೀಗದೊಳಗಿಡಿ. ‘ಕೋವಿ ಒರೆಸುವಾಗ ಗುಂಡು ಸಿಡಿದು’ ಎಂದು ಮೊದಲಾಗುವ ಸುದ್ದಿಯಲ್ಲಿ ನಮ್ಮ ಶಾಲೆಯ ಹಾಜರಿ ಪುಸ್ತಕದ ಹೆಸರೊಂದನ್ನು ಓದುವ ಇಚ್ಛೆ ನನಗಿಲ್ಲ.

ಸಿದ್ಧಾಂತದಲ್ಲಿ ಒಂದು ಅಂಶ ಬಾಕಿ ಇದೆ. ‘ರ‍್ಯಾಬಿಟ್ ಫೈರ್’ ಆರಂಭದಿಂದ ಕೊನೆಯವರೆಗೆ ಎಲ್ಮರನು ಎಷ್ಟು ಈಡು ಹೊಡೆದ, ಎಷ್ಟು ಸಲ ತೋಟೆ ತುಂಬಿದ ಎಂಬ ಎಣಿಕೆ. ನಾನು ಮೂರು ಸಲ ಎಣಿಸಲು ಕುಳಿತೆ. ಮೂರು ಸಲವೂ ನಡುವೆ ನಗು ಬಂದು ಲೆಕ್ಕ ತಪ್ಪಿತು. ಹತ್ತನೆಯ ತರಗತಿಯಲ್ಲಿ ನಗದೆ ಕೂರುತ್ತಿದ್ದ ಹಿಂದಿನ ಬೆಂಚಿನ ಇಬ್ಬರು ಯಾರೆಂದು ಅವರಿಗೇ ಗೊತ್ತು. ಅವರು ಎಣಿಸಿ ತಿಳಿಸಬೇಕು.